ಆಕರಗಳ ಉಲ್ಲೇಖ ಮತ್ತು ಹೊರನಾಡಿನ ಕನ್ನಡ ಸಂಶೋಧನೆ: ಮುಂಬಯಿಯ ನಿದರ್ಶನದಿಂದ ಕೆಲವು ವಿಚಾರಗಳು

ಕನ್ನಡ ಸಂಶೋಧನೆಯ ವಿಧಿವಿಧಾನಗಳನ್ನು ಕುರಿತು ನಮ್ಮಲ್ಲಿ ಚರ್ಚೆ ನಡೆಯದೆ ಇಲ್ಲ. ಗ್ರಂಥಸಂಪಾದನೆಯ ತತ್ತ್ವಗಳು, ಶಾಸನಗಳ ಬಳಕೆ, ಕವಿಕಾಲ ನಿರ್ಣಯದ ತೊಡಕುಗಳು ಇವೆಲ್ಲವನ್ನು ಕುರಿತು ಹಿರಿಯ ವಿದ್ವಾಂಸರು ವಿಪುಲವಾಗಿ ಬರೆದಿದ್ದಾರೆ. ಆದರೆ ಲೇಖನದ ಅಡಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಅಚ್ಚಾಗುವ ಟಿಪ್ಪಣಿಯನ್ನಾಗಲಿ, ಕೊನೆಯಲ್ಲಿ ಬರುವ ಪರಾಮರ್ಶನ ಗ್ರಂಥಗಳ ಪಟ್ಟಿಯನ್ನಾಗಲಿ ವಿಮರ್ಶೆಗೆ ತಕ್ಕ ವಸ್ತುವೆಂದು ಪರಿಗಣಿಸಿದವರು ವಿರಳ. ಅದು ಬೆರಳಚ್ಚುಗಾರರ ಕೆಲಸ, ಲೇಖನವನ್ನು ನಿಯತಕಾಲಿಕೆಗೆ ಕಳಿಸುವ ಮುನ್ನಾದಿನ ಆತುರಾತುರವಾಗಿ ಜೋಡಿಸುವ ಭಾಗ ಎಂಬ ಭಾವನೆ ರೂಢಮೂಲವಾಗಿದೆ. ಈ ಭಾವನೆಯಿಂದ ಆಗಿರುವ ಹಾನಿಯನ್ನು ಕರ್ನಾಟಕದ ಒಳಗಿರುವವರಿಗಿಂತ ಹೊರಗಿರುವವರು ಹೆಚ್ಚು ಅನುಭವಿಸುತ್ತಾರೆ. ಧಾರವಾಡದಲ್ಲಿಯೋ ಮೈಸೂರಿನಲ್ಲಿಯೋ ಕುಳಿತ ಸಂಶೋಧಕನಿಗೆ ಅಸ್ಪಷ್ಟವಾದ ಉಲ್ಲೇಖವೊಂದು ಎದುರಾದರೆ ಆತ ಗ್ರಂಥಾಲಯದ ಮೂರು ಕಪಾಟುಗಳನ್ನು ಹುಡುಕಿ ಅದನ್ನು ಸರಿಪಡಿಸಿಕೊಳ್ಳಬಲ್ಲ. ಡೊಂಬಿವಲಿಯಲ್ಲಿಯೋ ಮೀರಾ ರೋಡಿನಲ್ಲಿಯೋ ಇರುವ ಸಂಶೋಧಕನಿಗೆ ಅದೇ ಉಲ್ಲೇಖಕ್ಕಾಗಿ ಒಂದು ರಾತ್ರಿಯ ರೈಲು ಪ್ರಯಾಣ, ಒಂದು ವಾರದ ರಜೆ ಬೇಕಾಗುತ್ತದೆ. ಆದುದರಿಂದ ಉಲ್ಲೇಖವೆಂಬುದು ಹೊರನಾಡಿನವರ ಪಾಲಿಗೆ ಅಲಂಕಾರವಲ್ಲ, ದಾರಿ. ಈ ದೃಷ್ಟಿಯಿಂದಲೇ ನಾವು ಇಲ್ಲಿ ಕೆಲವು ವಿಚಾರಗಳನ್ನು ಮಂಡಿಸಲಿದ್ದೇವೆ.

ನಮ್ಮ ಪ್ರಾಚೀನರು ಆಕರಗಳನ್ನು ಹೇಗೆ ಸೂಚಿಸಿದರೆಂಬುದನ್ನು ಮೊದಲು ಗಮನಿಸಬಹುದು. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದ ಆರಂಭದಲ್ಲಿ ತನಗೆ ಲಕ್ಷ್ಯವನ್ನೊದಗಿಸಿದ ಕವಿಗಳ ಹೆಸರುಗಳನ್ನು ಹೇಳುತ್ತಾನೆ. ಗಜಗ, ಗುಣನಂದಿ, ಮನಸಿಜ, ಅಸಗ, ಚಂದ್ರಭಟ್ಟ, ಗುಣವರ್ಮ, ಶ್ರೀವಿಜಯ, ಪೊನ್ನ, ಪಂಪ, ಸುಜನೋತ್ತಂಸ ಇವರೆಲ್ಲ ಅಲ್ಲಿ ಬರುತ್ತಾರೆ. ಇದೊಂದು ಪರಾಮರ್ಶನ ಪಟ್ಟಿಯೇ ಸರಿ. ಆದರೆ ಸೂತ್ರಗಳ ಕೆಳಗೆ ಉದಾಹರಣೆಗಳನ್ನು ಕೊಡುವಾಗ ಯಾವ ಪದ್ಯ ಯಾರದೆಂಬುದನ್ನು ಆತ ಸಾಮಾನ್ಯವಾಗಿ ಹೇಳುವುದಿಲ್ಲ. ಪಟ್ಟಿ ಒಂದು ಕಡೆ, ಪ್ರಯೋಗ ಇನ್ನೊಂದು ಕಡೆ. ಎರಡನ್ನೂ ಕೂಡಿಸುವ ಸೂತ್ರವೇ ಇಲ್ಲ. ಇಂದಿನ ಎಷ್ಟೋ ಪಿಎಚ್.ಡಿ. ಮಹಾಪ್ರಬಂಧಗಳು ಈ ವಿಷಯದಲ್ಲಿ ಕೇಶಿರಾಜನ ಪರಂಪರೆಯನ್ನು ನಿಷ್ಠೆಯಿಂದ ಪಾಲಿಸುತ್ತಿವೆ! ಅವನ ತಂದೆಯಾದ ಮಲ್ಲಿಕಾರ್ಜುನನ ಸೂಕ್ತಿಸುಧಾರ್ಣವದ ಸ್ಥಿತಿಯೂ ಇಂಥದೇ. ಹಲವು ಕಾವ್ಯಗಳಿಂದ ಪದ್ಯಗಳನ್ನು ಆಯ್ದು ವಿಷಯಾನುಸಾರವಾಗಿ ಜೋಡಿಸಿದ ಆ ಸಂಕಲನ ಕರ್ತೃಗಳ ಹೆಸರನ್ನು ಹೇಳದೆ ಹೋದುದರಿಂದ, ಮೂಲಕಾವ್ಯ ಉಪಲಬ್ಧವಿಲ್ಲದ ಪದ್ಯಗಳನ್ನು ಯಾರಿಗೆ ಸಲ್ಲಿಸಬೇಕೆಂಬುದು ವಿದ್ವಾಂಸರಿಗೆ ಬಹುಕಾಲದ ಕೆಲಸವಾಯಿತು. ಆದರೂ ಮಲ್ಲಿಕಾರ್ಜುನನನ್ನು ನಾವು ದೂಷಿಸಲಾಗದು. ಆತನ ಓದುಗರಿಗೆ ಆ ಪದ್ಯಗಳು ಕಂಠಸ್ಥವಾಗಿದ್ದುವು; ಕರ್ತೃನಾಮ ಹೇಳುವುದು ಅನಾವಶ್ಯಕವೆನಿಸಿರಬಹುದು. ಓದುಗನಿಗೂ ಗ್ರಂಥಕ್ಕೂ ಅಂತರ ಹೆಚ್ಚಿದಷ್ಟೂ ಉಲ್ಲೇಖದ ಅಗತ್ಯ ಹೆಚ್ಚುತ್ತದೆ. ಕಾಲದ ಅಂತರಕ್ಕೆ ಸಲ್ಲುವ ಈ ಮಾತು ದೇಶದ ಅಂತರಕ್ಕೂ ಸಲ್ಲುತ್ತದೆ.

ಆಧುನಿಕ ಅರ್ಥದ ಉಲ್ಲೇಖ ಪದ್ಧತಿ ಕನ್ನಡಕ್ಕೆ ಬಂದ ದಾರಿಗಳಲ್ಲಿ ಮುಂಬಯಿಯೂ ಒಂದೆಂಬುದನ್ನು ನಾವು ಮರೆಯುವಂತಿಲ್ಲ. ಜೇಮ್ಸ್ ಬರ್ಜೆಸ್ ೧೮೭೨ರಲ್ಲಿ ಮುಂಬಯಿಯಿಂದ 'ಇಂಡಿಯನ್ ಆಂಟಿಕ್ವರಿ'ಯನ್ನು ಆರಂಭಿಸಿದರು. ಬೈಕಲಾದ ಎಜುಕೇಷನ್ ಸೊಸೈಟಿ ಮುದ್ರಣಾಲಯದಲ್ಲಿ ಅದು ಅಚ್ಚಾಗುತ್ತಿತ್ತು. ಮುಂಬಯಿ ಪ್ರಾಂತದ ಅಧಿಕಾರಿಯಾಗಿದ್ದ ಜೆ. ಎಫ್. ಫ್ಲೀಟ್ ಅವರು ಸಂಸ್ಕೃತ ಹಾಗೂ ಹಳಗನ್ನಡ ಶಾಸನಗಳ ಮಾಲೆಯನ್ನು ಆ ಪತ್ರಿಕೆಯಲ್ಲಿಯೇ ಪ್ರಕಟಿಸಿದರು. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನ ವಿದ್ವಲ್ಲೋಕಕ್ಕೆ ಪರಿಚಿತವಾದುದು ಅದರ ಹತ್ತನೆಯ ಸಂಪುಟದಿಂದ. ಈ ಪತ್ರಿಕೆಯ ಸಂಪುಟಸಂಖ್ಯೆಗೆ ೧೮೭೧ನ್ನು ಕೂಡಿಸಿದರೆ ಅದರ ವರ್ಷ ದೊರೆಯುತ್ತದೆ. ಹತ್ತನೆಯ ಸಂಪುಟ ೧೮೮೧ರದು, ೧೯೩೩ರದು ಅರವತ್ತೆರಡನೆಯದು. ಯಾರಾದರೂ ಹತ್ತನೆಯ ಸಂಪುಟಕ್ಕೆ ೧೮೯೧ ಎಂದು ಬರೆದಿದ್ದರೆ ಅವರು ಆ ಸಂಪುಟವನ್ನು ಕೈಯಲ್ಲಿ ಹಿಡಿದಿಲ್ಲ, ಮತ್ತೊಬ್ಬರ ಅಡಿಟಿಪ್ಪಣಿಯನ್ನು ಎತ್ತಿಕೊಂಡಿದ್ದಾರೆ ಎಂದು ಶಂಕಿಸಲು ಆಧಾರವಿದೆ. ಇಷ್ಟು ಸುಲಭವಾದ ಪರೀಕ್ಷೆಯನ್ನು ನಮ್ಮ ಪರೀಕ್ಷಕರಾಗಲಿ ಸಂಪಾದಕರಾಗಲಿ ಬಳಸುವುದು ಅಪರೂಪ.

ಟೌನ್ ಹಾಲಿನ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯ ವಿಷಯ ಇಷ್ಟು ಸರಳವಾಗಿಲ್ಲ. ಆ ಸಂಸ್ಥೆ ೧೮೦೪ರಲ್ಲಿ ಮುಂಬಯಿಯ ಸಾಹಿತ್ಯ ಸಂಘವಾಗಿ ಹುಟ್ಟಿ, ಅನಂತರ ರಾಯಲ್ ಏಷಿಯಾಟಿಕ್ ಸೊಸೈಟಿಯ ಮುಂಬಯಿ ಶಾಖೆಯಾಗಿ, ಸ್ವಾತಂತ್ರ್ಯಾನಂತರ ಸ್ವತಂತ್ರ ಸಂಸ್ಥೆಯಾಗಿ ಹೆಸರನ್ನು ಬದಲಿಸಿಕೊಂಡಿದೆ. ಕೆ. ಬಿ. ಪಾಠಕರಂಥ ವಿದ್ವಾಂಸರು ಬರೆದ ಆ ಪತ್ರಿಕೆಯ ಹಳೆಯ ಮಾಲೆ ಇಪ್ಪತ್ತನೆಯ ಶತಮಾನದ ಇಪ್ಪತ್ತರ ದಶಕದಲ್ಲಿ ಮುಗಿದು, ೧೯೨೫ರಿಂದ ಹೊಸ ಮಾಲೆ ಮತ್ತೆ ಒಂದನೆಯ ಸಂಪುಟದಿಂದ ಮೊದಲಾಯಿತು. 'ಹೊಸ ಮಾಲೆ' ಎಂಬ ಎರಡು ಪದಗಳನ್ನು ಬಿಟ್ಟು 'ಸಂಪುಟ ೪' ಎಂದಷ್ಟೇ ಬರೆದರೆ ಓದುಗನು ಯಾವ ನಾಲ್ಕನ್ನು ತೆರೆಯಬೇಕು? ಎರಡು ನಾಲ್ಕುಗಳ ನಡುವೆ ಎಪ್ಪತ್ತಕ್ಕೂ ಹೆಚ್ಚು ವರ್ಷಗಳ ಅಂತರವಿದೆ.

ಫ್ಲೀಟ್ ಅವರ ಪ್ರಸಿದ್ಧ ಗ್ರಂಥವಾದ, ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳ ರಾಜವಂಶಗಳ ಚರಿತ್ರೆಯದು ಬೇರೊಂದು ಬಗೆಯ ತೊಡಕು. ಅದು ೧೮೮೨ರಲ್ಲಿ ಪ್ರತ್ಯೇಕ ಪುಸ್ತಕವಾಗಿ ಬಂದಿತು. ೧೮೯೬ರಲ್ಲಿ ಅದೇ ಹೆಸರಿನಲ್ಲಿ, ಬಹುಮಟ್ಟಿಗೆ ವಿಸ್ತರಿಸಿ ಪರಿಷ್ಕರಿಸಿದ ರೂಪದಲ್ಲಿ, ಬಾಂಬೆ ಗೆಜೆಟಿಯರಿನ ಮೊದಲನೆಯ ಸಂಪುಟದ ಎರಡನೆಯ ಭಾಗದಲ್ಲಿ ಸೇರಿತು. ಹೆಸರು ಒಂದೇ ಆದರೂ ಇವು ಎರಡು ಪುಸ್ತಕಗಳೆಂದೇ ಭಾವಿಸಬೇಕು. ಇಷ್ಟೂ ಸಾಲದೆಂಬಂತೆ ಗೆಜೆಟಿಯರಿನ ಅದೇ ಭಾಗದಲ್ಲಿ ರಾ. ಗೋ. ಭಂಡಾರಕರರ ದಖನ್ನಿನ ಪ್ರಾಚೀನ ಇತಿಹಾಸವೂ ಅಡಕವಾಗಿದೆ. 'ಬಾಂಬೆ ಗೆಜೆಟಿಯರ್ ಹೇಳುವಂತೆ' ಎಂದು ಆರಂಭವಾಗುವ ವಾಕ್ಯಗಳನ್ನು ನಾವು ಪದೇ ಪದೇ ಓದುತ್ತೇವೆ. ಗೆಜೆಟಿಯರ್ ಹೇಳುವುದಿಲ್ಲ, ಫ್ಲೀಟ್ ಹೇಳುತ್ತಾರೆ ಅಥವಾ ಭಂಡಾರಕರರು ಹೇಳುತ್ತಾರೆ. ರಾಷ್ಟ್ರಕೂಟರ ವಿಷಯದಲ್ಲಿ ಇಬ್ಬರೂ ಬರೆದಿರುವಾಗ ಯಾರ ಮಾತೆಂಬುದು ಗೌಣವಾಗಲಾರದು.

ಶಾಸನಗಳಿಗೆ ಬಂದರೆ ಸಮಸ್ಯೆ ಇನ್ನೂ ದಟ್ಟವಾಗುತ್ತದೆ. ಶ್ರವಣಬೆಳಗೊಳದ ಶಾಸನಗಳನ್ನು ಬಿ. ಎಲ್. ರೈಸ್ ಅವರು ೧೮೮೯ರಲ್ಲಿ ಪ್ರಕಟಿಸಿದಾಗ ಅವುಗಳ ಸಂಖ್ಯೆ ೧೪೪. ಆರ್. ನರಸಿಂಹಾಚಾರ್ಯರು ೧೯೨೩ರಲ್ಲಿ ಪರಿಷ್ಕರಿಸಿದಾಗ ಅದು ೫೦೦ಕ್ಕೆ ಏರಿತು. ಮೈಸೂರು ವಿಶ್ವವಿದ್ಯಾಲಯದ ೧೯೭೩ರ ಪರಿಷ್ಕೃತ ಆವೃತ್ತಿಯಲ್ಲಿ ೫೭೩ ಶಾಸನಗಳಿವೆ. ಹೀಗೆ ಒಂದೇ ಬಂಡೆಯ ಮೇಲಣ ಒಂದೇ ಬರಹಕ್ಕೆ ಮೂರು ಸಂಖ್ಯೆಗಳಿರಬಹುದು. 'ಎ. ಕ. ೨, ಶ್ರವಣಬೆಳಗೊಳ ೬೪' ಎಂಬ ಉಲ್ಲೇಖಕ್ಕೆ ಆವೃತ್ತಿಯ ವರ್ಷ ಸೇರದಿದ್ದರೆ ಅದು ಮೂರು ಬೇರೆ ಬೇರೆ ಶಾಸನಗಳ ಬಾಗಿಲು ತಟ್ಟುತ್ತದೆ. ಎಪಿಗ್ರಾಫಿಯಾ ಕರ್ನಾಟಿಕದ ಇತರ ಸಂಪುಟಗಳಲ್ಲಿ ಸಂಪುಟಸಂಖ್ಯೆಯೇ ಬದಲಾಗಿರುವುದುಂಟು. ಹಳೆಯ ಆವೃತ್ತಿಯ ಒಂಬತ್ತನೆಯ ಸಂಪುಟವೆಂದರೆ ಬೆಂಗಳೂರು ಜಿಲ್ಲೆ. ಹೊಸ ಆವೃತ್ತಿಯ ಒಂಬತ್ತನೆಯ ಸಂಪುಟವೆಂದರೆ ಹಾಸನ ಜಿಲ್ಲೆಯ ಬೇಲೂರು ತಾಲೂಕು. ಹಳೆಯ ಆವೃತ್ತಿಯಲ್ಲಿ ಹಾಸನ ಜಿಲ್ಲೆಯಿದ್ದದ್ದು ಐದನೆಯ ಸಂಪುಟದಲ್ಲಿ. ಮುಂಬಯಿಯಲ್ಲಿ ಹಳೆಯ ಸಂಪುಟಗಳನ್ನು ಮಾತ್ರ ನೋಡಬಲ್ಲ ಸಂಶೋಧಕನೊಬ್ಬ ಮೈಸೂರಿನ ಲೇಖಕರೊಬ್ಬರ ಉಲ್ಲೇಖವನ್ನು ನಂಬಿ ಹೊಯ್ಸಳರ ಶಾಸನವನ್ನು ಬೆಂಗಳೂರು ಜಿಲ್ಲೆಯಲ್ಲಿ ಹುಡುಕುತ್ತ ಕೂರುವುದು ಸಂಭವನೀಯ. ಸಂಪುಟ, ಆವೃತ್ತಿಯ ವರ್ಷ, ತಾಲೂಕು, ಶಾಸನಸಂಖ್ಯೆ ಇವು ನಾಲ್ಕೂ ಕಡ್ಡಾಯ. ಇವುಗಳ ಜತೆಗೆ ಊರಿನ ಹೆಸರನ್ನೂ ಶಾಸನದ ತೇದಿಯನ್ನೂ ಕೊಟ್ಟರೆ ಸಂಖ್ಯೆ ತಪ್ಪಾಗಿ ಅಚ್ಚಾದರೂ ಓದುಗನು ದಾರಿ ತಪ್ಪುವುದಿಲ್ಲ.

ಇನ್ನು ಕಾವ್ಯಗಳ ವಿಷಯ. ನಮ್ಮ ಲೇಖನಗಳಲ್ಲಿ 'ಪಂಪಭಾರತ, ಪು. ೨೧೨' ಎಂಬ ಬಗೆಯ ಉಲ್ಲೇಖ ಈಗ ಹೆಚ್ಚುತ್ತಿದೆ. ಪಂಪಭಾರತವನ್ನು ರೈಸ್ ೧೮೯೮ರಲ್ಲಿ ಪ್ರಕಟಿಸಿದರು. ಕನ್ನಡ ಸಾಹಿತ್ಯ ಪರಿಷತ್ತಿನ ಆವೃತ್ತಿ ೧೯೩೧ರಲ್ಲಿ ಬಂದಿತು. ಅನಂತರ ಮರುಮುದ್ರಣಗಳು, ಗದ್ಯಾನುವಾದ ಸಹಿತ ಆವೃತ್ತಿಗಳು ಬಂದುವು. ಪುಟಸಂಖ್ಯೆ ಪ್ರತಿಯೊಂದರಲ್ಲಿಯೂ ಬೇರೆ. ಆದರೆ ಕವಿಯೇ ತನ್ನ ಕೃತಿಯನ್ನು ಹದಿನಾಲ್ಕು ಆಶ್ವಾಸಗಳಾಗಿ ವಿಂಗಡಿಸಿಕೊಟ್ಟಿದ್ದಾನೆ. ಆಶ್ವಾಸ ಹಾಗೂ ಪದ್ಯಸಂಖ್ಯೆಯನ್ನು ಕೊಟ್ಟರೆ ಓದುಗನ ಕೈಯಲ್ಲಿ ಯಾವ ಆವೃತ್ತಿಯಿದ್ದರೂ ಆತ ಆ ಸ್ಥಳದ ಸಮೀಪಕ್ಕೆ ತಲಪಬಲ್ಲ. ಪಾಠಭೇದದಿಂದ ಒಂದೆರಡು ಪದ್ಯ ಆಚೀಚೆ ಆಗಬಹುದು, ಅಷ್ಟೆ. ಕುಮಾರವ್ಯಾಸನಿಗೆ ಪರ್ವ, ಸಂಧಿ, ಪದ್ಯ. ಕವಿರಾಜಮಾರ್ಗಕ್ಕೆ ಪರಿಚ್ಛೇದ, ಪದ್ಯ. ವಡ್ಡಾರಾಧನೆಯಂಥ ಗದ್ಯಕೃತಿಗೆ ಈ ಅನುಕೂಲ ಇಲ್ಲದ್ದರಿಂದ ಕಥೆಯ ಹೆಸರು, ಸಂಪಾದಕರ ಹೆಸರು, ಆವೃತ್ತಿ, ಪುಟ ಮತ್ತು ಸಾಧ್ಯವಾದರೆ ಪಂಕ್ತಿ ಬೇಕಾಗುತ್ತವೆ. ಕಿಟ್ಟೆಲ್ ಅವರು ೧೮೯೪ರ ತಮ್ಮ ನಿಘಂಟಿನಲ್ಲಿ ಶಬ್ದಗಳ ಪ್ರಯೋಗಗಳಿಗೆ ಕೃತಿಯ ಸಂಕ್ಷೇಪನಾಮವನ್ನೂ ಅದರ ಒಳವಿಭಾಗದ ಸಂಖ್ಯೆಯನ್ನೂ ಕೊಡುವ ಕ್ರಮವನ್ನು ಅನುಸರಿಸಿದ್ದಾರೆ. ನೂರಮೂವತ್ತು ವರ್ಷಗಳ ಹಿಂದೆ ಮಂಗಳೂರಿನಲ್ಲಿ ಸಾಧ್ಯವಾದದ್ದು ಇಂದು ಏಕೆ ಕಷ್ಟವಾಗಬೇಕೋ ತಿಳಿಯದು.

ಕಾರಣವನ್ನು ಊಹಿಸಬಹುದು. ಇಂದಿನ ನಿಯತಕಾಲಿಕೆಗಳು ಲೇಖಕರಿಗೆ ಎ.ಪಿ.ಎ., ಎಂ.ಎಲ್.ಎ., ಷಿಕಾಗೋ ಮೊದಲಾದ ಶೈಲಿಗಳಲ್ಲಿ ಒಂದನ್ನು ವಿಧಿಸುತ್ತವೆ. ಎ.ಪಿ.ಎ. ಶೈಲಿಯ ಏಳನೆಯ ಆವೃತ್ತಿ ೨೦೧೯ರಲ್ಲಿಯೂ, ಎಂ.ಎಲ್.ಎ. ಕೈಪಿಡಿಯ ಒಂಬತ್ತನೆಯ ಆವೃತ್ತಿ ೨೦೨೧ರಲ್ಲಿಯೂ, ಷಿಕಾಗೋ ಕೈಪಿಡಿಯ ಹದಿನೆಂಟನೆಯ ಆವೃತ್ತಿ ೨೦೨೪ರಲ್ಲಿಯೂ ಬಂದಿವೆ. ಇವುಗಳನ್ನು ಯಾಂತ್ರಿಕವಾಗಿ ಅನುಸರಿಸುವ ಸಂಶೋಧಕನು ಕ್ರಿ. ಶ. ೯೪೧ರ ಕವಿಯನ್ನು '(ಪಂಪ, ೧೯೩೧)' ಎಂದು ಕರೆದು ತೃಪ್ತನಾಗುತ್ತಾನೆ. ವಾಸ್ತವವಾಗಿ ಆ ಕೈಪಿಡಿಗಳು ಇಷ್ಟು ನಿರ್ದಯವಾಗಿಲ್ಲ. ಅಭಿಜಾತ ಗ್ರಂಥಗಳಿಗೂ ಧರ್ಮಗ್ರಂಥಗಳಿಗೂ ಪುಟದ ಬದಲಾಗಿ ಅಧ್ಯಾಯ, ಶ್ಲೋಕ, ಪಂಕ್ತಿಗಳ ಸಂಖ್ಯೆಯನ್ನು ಕೊಡಬೇಕೆಂದು ಅವೇ ಹೇಳುತ್ತವೆ. ಮೂಲಕೃತಿಯ ಕಾಲವನ್ನು ಆವೃತ್ತಿಯ ವರ್ಷದೊಡನೆ ಸೇರಿಸಿ ತೋರಿಸಲು ಎ.ಪಿ.ಎ. ಶೈಲಿ ಅವಕಾಶವಿತ್ತಿದೆ. ಹೋಮರನಿಗೂ ಅರಿಸ್ಟಾಟಲನಿಗೂ ಸಲ್ಲುವ ಈ ಸೌಲಭ್ಯ ಪಂಪನಿಗೆ ಸಲ್ಲದೆಂದು ಯಾರೂ ಹೇಳಿಲ್ಲ. ನಾವೇ ಕೈಪಿಡಿಯನ್ನು ಪೂರ್ತಿ ಓದದೆ, ಕಂಪ್ಯೂಟರಿನ ತಂತ್ರಾಂಶ ಕೊಟ್ಟ ರೂಪವನ್ನು ಶಿರಸಾವಹಿಸಿದ್ದೇವೆ. ಸಂಪಾದಕರು ಆಕ್ಷೇಪಿಸಿದರೆ ಕೈಪಿಡಿಯ ಆ ಭಾಗವನ್ನೇ ಅವರಿಗೆ ತೋರಿಸಬಹುದು.

ವಚನಗಳಿಗೆ ಈ ಪರಿಹಾರವೂ ಸಾಲದು. ವಚನಕಾರರು ತಮ್ಮ ವಚನಗಳಿಗೆ ಸಂಖ್ಯೆ ಕೊಟ್ಟವರಲ್ಲ. ಸಂಖ್ಯೆ ಸಂಪಾದಕರದು. ಬಸವಣ್ಣನವರ ವಚನಗಳಿಗೆ ಶಿ. ಶಿ. ಬಸವನಾಳರ ಆವೃತ್ತಿಯ ಸಂಖ್ಯೆ ಒಂದು, ೧೯೯೩ರಲ್ಲಿ ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಹದಿನೈದು ಸಂಪುಟಗಳಲ್ಲಿ ಬಂದ ಸಮಗ್ರ ವಚನ ಸಂಪುಟದ ಸಂಖ್ಯೆ ಇನ್ನೊಂದು. ಎ. ಕೆ. ರಾಮಾನುಜನ್ ಅವರು ೧೯೭೩ರ ತಮ್ಮ ಇಂಗ್ಲಿಷ್ ಅನುವಾದದಲ್ಲಿ ಬಸವಣ್ಣನವರ ವಚನಗಳಿಗೆ ಬಸವನಾಳರ ಸಂಖ್ಯೆಯನ್ನೇ ಉಳಿಸಿಕೊಂಡರು. ಕನ್ನಡ ಬಾರದ ಎಷ್ಟೋ ವಿದ್ವಾಂಸರು ಆ ಅನುವಾದದ ಮೂಲಕವೇ ವಚನಗಳನ್ನು ಬಲ್ಲರಾದುದರಿಂದ ಮುಂಬಯಿ, ದೆಹಲಿಗಳ ತೌಲನಿಕ ಸಾಹಿತ್ಯದ ಲೇಖನಗಳಲ್ಲಿ ಒಂದು ಸಂಖ್ಯಾಕ್ರಮ, ಕರ್ನಾಟಕದ ಲೇಖನಗಳಲ್ಲಿ ಇನ್ನೊಂದು ಸಂಖ್ಯಾಕ್ರಮ ಕಾಣಿಸಿಕೊಳ್ಳುವುದು ಸಹಜ. ಹೊರನಾಡಿನ ಸಂಶೋಧಕನು ಎರಡನ್ನೂ ಕೊಡುವುದು ಕ್ಷೇಮ. ಅದು ಸಾಧ್ಯವಾಗದಿದ್ದರೆ ವಚನದ ಮೊದಲ ಮಾತುಗಳನ್ನಾದರೂ ಕೊಡಬೇಕು. ದಾಸರ ಕೀರ್ತನೆಗಳಿಗೂ ಇದೇ ನ್ಯಾಯ: ಪಲ್ಲವಿಯೇ ಅವುಗಳ ವಿಳಾಸ.

ಕವಿರಾಜಮಾರ್ಗವನ್ನು ಪಟ್ಟಿಯಲ್ಲಿ ಯಾರ ಹೆಸರಿನ ಕೆಳಗೆ ಸೇರಿಸಬೇಕೆಂಬುದು ಸ್ವಾರಸ್ಯದ ಪ್ರಶ್ನೆ. ಪಾಠಕರು ೧೮೯೮ರಲ್ಲಿ ಅದನ್ನು ನೃಪತುಂಗನ ಕೃತಿಯೆಂದು ಪ್ರಕಟಿಸಿದರು. ಮುಂದೆ ಶ್ರೀವಿಜಯನೇ ಕರ್ತೃವೆಂಬ ಪಕ್ಷ ಬಲಗೊಂಡಿತು. ಎರಡೂ ಹೆಸರುಗಳ ಕೆಳಗೆ ಒಂದೇ ಕೃತಿಯನ್ನು ಎರಡು ಬಾರಿ ಸೇರಿಸಿದ ಪಟ್ಟಿಗಳನ್ನು ನಾವು ಕಂಡಿದ್ದೇವೆ. ಇಂಥಲ್ಲಿ ಕೃತಿಯ ಹೆಸರನ್ನೇ ಮೊದಲಿಟ್ಟು ಸಂಪಾದಕರ ಹೆಸರನ್ನು ಅನಂತರ ಕೊಡುವುದು ಲೇಸು. ಕರ್ತೃತ್ವದ ವಾದವನ್ನು ಲೇಖನದಲ್ಲಿ ಮಾಡಬಹುದು. ಗ್ರಂಥಸೂಚಿ ಅದಕ್ಕೆ ಸ್ಥಳವಲ್ಲ.

ಸಂಕ್ಷೇಪಾಕ್ಷರಗಳ ವಿಷಯದಲ್ಲಿ ನಮ್ಮ ಔದಾರ್ಯ ಮೇರೆಮೀರಿದೆ. 'ಸಂ.' ಎಂಬ ಒಂದಕ್ಷರ ಸಂಪಾದಕನೂ ಹೌದು, ಸಂಪುಟವೂ ಹೌದು, ಸಂಚಿಕೆಯೂ ಹೌದು, ಸಂಖ್ಯೆಯೂ ಹೌದು, ಕುಮಾರವ್ಯಾಸನ ಪ್ರಸಂಗದಲ್ಲಿ ಸಂಧಿಯೂ ಹೌದು. ಒಂದೇ ಟಿಪ್ಪಣಿಯಲ್ಲಿ ಅದು ಮೂರು ಅರ್ಥಗಳಲ್ಲಿ ಬಂದಿರುವುದನ್ನು ಬಿಡಿಸಲು ಓದುಗನಿಗೆ ಶ್ಲೇಷಕಾವ್ಯದ ವ್ಯಾಖ್ಯಾನಕಾರನ ಪಾಂಡಿತ್ಯ ಬೇಕು. 'ಪ್ರ.' ಎಂಬುದು ಪ್ರಕಾಶಕರೋ, ಪ್ರಕಟಣೆಯೋ, ಪ್ರಥಮ ಮುದ್ರಣವೋ, ಪ್ರಕರಣವೋ ಸಂದರ್ಭದಿಂದಲೇ ತಿಳಿಯಬೇಕು. ಎರಡಕ್ಷರ ಹೆಚ್ಚು ಬರೆಯುವುದರಿಂದ ಕಾಗದದ ಖರ್ಚು ಅಷ್ಟೇನೂ ಹೆಚ್ಚುವುದಿಲ್ಲ. 'ಅದೇ', 'ಪೂರ್ವೋಕ್ತ' ಎಂಬ ಸೂಚನೆಗಳನ್ನು ಕುರಿತೂ ನಮ್ಮ ಅಭಿಪ್ರಾಯ ಕಠಿನವಾಗಿದೆ. ಲೇಖನವನ್ನು ತಿದ್ದುವಾಗ ನಡುವೆ ಒಂದು ಹೊಸ ಟಿಪ್ಪಣಿ ಸೇರಿದರೆ ಅದರ ಕೆಳಗಿನ 'ಅದೇ' ತನ್ನ ಒಡೆಯನನ್ನು ಕಳೆದುಕೊಂಡು ಬೇರೊಬ್ಬನ ಮನೆ ಸೇರುತ್ತದೆ. ಲೇಖಕರ ಹೆಸರನ್ನೂ ಕೃತಿಯ ಹೆಸರಿನ ಸಂಕ್ಷಿಪ್ತ ರೂಪವನ್ನೂ ಪ್ರತಿಸಲವೂ ಕೊಡುವುದೇ ಸರಿಯಾದ ದಾರಿ.

ಹೆಸರುಗಳ ವಿಷಯದಲ್ಲಿ ಪಾಶ್ಚಾತ್ಯ ಶೈಲಿಗಳು ಕನ್ನಡಿಗರಿಗೆ ನಿಜವಾಗಿಯೂ ತೊಂದರೆ ಕೊಟ್ಟಿವೆ. ಕುಲನಾಮ ಮೊದಲು, ಉಳಿದದ್ದು ಅನಂತರ ಎಂಬ ಸೂತ್ರ ಬೇಂದ್ರೆ, ಹಳಕಟ್ಟಿ, ಕಾರಂತ ಇಂಥ ಹೆಸರುಗಳಿಗೆ ಒಪ್ಪುತ್ತದೆ. ಎಂ. ಚಿದಾನಂದಮೂರ್ತಿ, ಎಲ್. ಬಸವರಾಜು ಎಂಬ ಹೆಸರುಗಳಲ್ಲಿ ಕುಲನಾಮವೇ ಇಲ್ಲ. ತಂತ್ರಾಂಶ 'ಮೂರ್ತಿ, ಚಿದಾನಂದ' ಎಂದು ಸೀಳಿದರೆ ಆ ವಿದ್ವಾಂಸರನ್ನು ಯಾವ ಗ್ರಂಥಾಲಯದಲ್ಲಿ ಹುಡುಕುವುದು? ಮೊದಲಿನ ಅಕ್ಷರಗಳೂ ಒಂದೇ ಬಗೆಯವಲ್ಲ. ಕೆಲವರಿಗೆ ತಂದೆಯ ಹೆಸರು, ಕರಾವಳಿಯ ಕೆಲವರಿಗೆ ಊರಿನ ಹೆಸರು. ಶಿವರಾಮ ಕಾರಂತರ 'ಕೆ.' ಕೋಟದ ಗುರುತು, ಗೋವಿಂದ ಪೈಯವರ 'ಎಂ.' ಮಂಜೇಶ್ವರದ ಗುರುತು. ಆರ್. ನರಸಿಂಹಾಚಾರ್ಯ, ಡಿ. ಎಲ್. ನರಸಿಂಹಾಚಾರ್ ಇವರಿಬ್ಬರನ್ನು ಬೇರ್ಪಡಿಸುವುದು ಆ ಅಕ್ಷರಗಳೇ. ಮುಂಬಯಿಯ ಕನ್ನಡ ಬರಹಗಾರರ ಗ್ರಂಥಸೂಚಿಯೊಂದನ್ನು ಕುಲನಾಮದಿಂದ ಜೋಡಿಸಿದರೆ ಶೆಟ್ಟಿ ಮತ್ತು ರಾವ್ ಎಂಬ ಎರಡು ಶೀರ್ಷಿಕೆಗಳೇ ಪುಟಗಟ್ಟಲೆ ತುಂಬಿಕೊಳ್ಳುತ್ತವೆ. ಕನ್ನಡ ಗ್ರಂಥಗಳ ಪಟ್ಟಿಯಲ್ಲಿ ಹೆಸರನ್ನು ಶೀರ್ಷಿಕೆ ಪುಟದಲ್ಲಿ ಇರುವಂತೆಯೇ ಕೊಟ್ಟು, ಮೊದಲ ಅಕ್ಷರಗಳನ್ನು ಬಿಟ್ಟು ಮುಖ್ಯನಾಮದ ಆಧಾರದಿಂದ ವರ್ಣಮಾಲೆಯ ಕ್ರಮದಲ್ಲಿ ಜೋಡಿಸಬೇಕೆಂಬುದು ನಮ್ಮ ಸಲಹೆ. ಸಂಶಯವಿದ್ದಲ್ಲಿ 'ನೋಡಿ' ಎಂಬ ಸೂಚನೆಯೊಂದು ಸಾಕು.

ಇದೇ ನಿಯಮ ಸ್ಥಳನಾಮಗಳಿಗೂ ಅನ್ವಯಿಸುತ್ತದೆ. ನಗರದ ಇಂಗ್ಲಿಷ್ ಹೆಸರು ೧೯೯೫ರಲ್ಲಿ ಬದಲಾಯಿತು, ವಿಶ್ವವಿದ್ಯಾಲಯದ್ದು ೧೯೯೬ರಲ್ಲಿ. ಮೈಸೂರು ಮೊದಲಾದ ಊರುಗಳ ಇಂಗ್ಲಿಷ್ ರೂಪಗಳು ೨೦೧೪ರಲ್ಲಿ ಬದಲಾದುವು. ಕನ್ನಡದಲ್ಲಿ ಬರೆಯುವಾಗ ಮುಂಬಯಿ ಮೊದಲಿನಿಂದಲೂ ಮುಂಬಯಿಯೇ ಆಗಿರುವುದರಿಂದ ಅಷ್ಟು ತೊಡಕಿಲ್ಲ. ಇಂಗ್ಲಿಷ್ ಪಟ್ಟಿಯಲ್ಲಿ ಮಾತ್ರ ಪುಸ್ತಕ ಅಚ್ಚಾದಾಗ ಶೀರ್ಷಿಕೆ ಪುಟದಲ್ಲಿ ಯಾವ ಹೆಸರಿತ್ತೋ ಅದನ್ನೇ ಉಳಿಸಬೇಕು. ಲಿಪ್ಯಂತರ ಮ��ಡುವವರು ಇನ್ನೊಂದನ್ನು ಗಮನಿಸಬೇಕು. ಸಂಸ್ಕೃತಕ್ಕಾಗಿ ರೂಪುಗೊಂಡ ರೋಮನ್ ಲಿಪ್ಯಂತರ ಕ್ರಮದಲ್ಲಿ ಎ, ಏ ಹಾಗೂ ಒ, ಓ ಇವುಗಳಿಗೆ ವ್ಯತ್ಯಾಸವಿಲ್ಲ. ೨೦೦೧ರ ಐ.ಎಸ್.ಒ. ೧೫೯೧೯ ಮಾನಕದಲ್ಲಿ ದೀರ್ಘಕ್ಕೆ ಮೇಲೆ ಅಡ್ಡಗೆರೆಯುಂಟು. ಕನ್ನಡಕ್ಕೆ ಎರಡನೆಯದೇ ಯುಕ್ತ.

ಮುಂಬಯಿಯ ಸಂಶೋಧಕನಿಗೆ ಕರ್ನಾಟಕದವರಿಗಿಲ್ಲದ ಒಂದು ಅನುಕೂಲವುಂಟು: ಮರಾಠಿ ಆಕರಗಳು ಆತನ ಕೈಗೆಟಕುತ್ತವೆ. ಅವುಗಳನ್ನು ನಮೂದಿಸುವಾಗ ನಾವು ಎಚ್ಚರ ವಹಿಸುತ್ತಿಲ್ಲ. ಶಂ. ಬಾ. ಜೋಶಿಯವರು ಕನ್ನಡದಲ್ಲಿ ಬರೆದಂತೆ ಮರಾಠಿಯಲ್ಲಿಯೂ ಬರೆದರು. 'ಮರ್‍ಹಾಟೀ ಸಂಸ್ಕೃತಿ: ಕಾಹೀ ಸಮಸ್ಯಾ' ೧೯೫೨ರದು. ಭಾಷಾವಾರು ಪಟ್ಟಿಗಳಲ್ಲಿ ಅವರು ಎರಡು ಕಡೆ ಹಂಚಿಹೋಗಿ, ಅವರ ವಿಚಾರದ ಬೆಳವಣಿಗೆ ಓದುಗನ ಕಣ್ಣಿಗೆ ಬೀಳದೆ ಹೋಗುತ್ತದೆ. ರಾ. ಚಿಂ. ಢೇರೆಯವರ ೧೯೮೪ರ 'ಶ್ರೀ ವಿಠ್ಠಲ: ಏಕ ಮಹಾಸಮನ್ವಯ'ವನ್ನು ಆನ್ ಫೆಲ್ಡ್‌ಹೌಸ್ ಅವರ ೨೦೧೧ರ ಇಂಗ್ಲಿಷ್ ಅನುವಾದದ ಮೂಲಕ ಓದಿ, ಮರಾಠಿ ಮೂಲದ ಹೆಸರನ್ನು ಪಟ್ಟಿಯಲ್ಲಿ ಕಾಣಿಸುವುದು ಸರಿಯಲ್ಲ. ವಿಠ್ಠಲನನ್ನು ಕನ್ನಡದವನೆಂದು ಕರೆಯುವ ಜ್ಞಾನದೇವರ ಪ್ರಸಿದ್ಧ ಮಾತನ್ನು ನಮ್ಮ ಲೇಖಕರು ಜ್ಞಾನೇಶ್ವರಿಯದೆಂದು ಬರೆಯುವುದನ್ನು ನೋಡಿದ್ದೇವೆ. ಅದು ಅವರ ಅಭಂಗದ್ದು, ಜ್ಞಾನೇಶ್ವರಿಯ ಓವಿಯಲ್ಲ. ಮೂಲವನ್ನು ತೆರೆದು ನೋಡಿದ್ದರೆ ಈ ತಪ್ಪು ಸಾಧ್ಯವೇ ಇರಲಿಲ್ಲ. ಮರಾಠಿ ವಿದ್ವಾಂಸರ ಎದುರಿಗೆ ಕನ್ನಡದ ಪಕ್ಷವನ್ನು ಮಂಡಿಸುವಾಗ ಇಂಥ ಸ್ಖಾಲಿತ್ಯ ವಾದವನ್ನೇ ಕೆಡಿಸುತ್ತದೆ.

ಇತರರ ಮೂಲಕ ಪಡೆದ ಆಕರವನ್ನು ಹಾಗೆಂದು ಹೇಳಿಕೊಳ್ಳಲು ನಮ್ಮಲ್ಲಿ ಏಕೋ ಸಂಕೋಚವಿದೆ. ಹೊರನಾಡಿನಲ್ಲಿ ಎಲ್ಲ ಮೂಲಗಳೂ ದೊರೆಯುವುದಿಲ್ಲ. ಕರ್ಣಾಟಕ ಕವಿಚರಿತೆಯಿಂದ ಒಂದು ಹಸ್ತಪ್ರತಿಯ ಪದ್ಯವನ್ನು ಎತ್ತಿಕೊಂಡರೆ 'ಕವಿಚರಿತೆಯಲ್ಲಿ ಉದ್ಧೃತ' ಎಂದು ಬರೆಯುವುದು ಅಪಮಾನವಲ್ಲ. ಆ ಗ್ರಂಥದ ಮೊದಲ ಸಂಪುಟ ೧೯೦೭ರಲ್ಲಿ ಬಂದು ೧೯೨೪ರಲ್ಲಿ ಪರಿಷ್ಕೃತವಾಯಿತೆಂಬುದನ್ನು ನೆನಪಿಟ್ಟು ವರ್ಷವನ್ನೂ ಸೂಚಿಸಿದರೆ ಸಾಕು. ಪಟ್ಟಿಯನ್ನು ಉಬ್ಬಿಸುವ ಚಾಳಿ ಇದಕ್ಕಿಂತ ಕೆಟ್ಟದ್ದು. ಲೇಖನದ ಒಡಲಲ್ಲಿ ಎಲ್ಲಿಯೂ ಬಾರದ ನಲವತ್ತು ಗ್ರಂಥಗಳು ಕೊನೆಯಲ್ಲಿ ಸಾಲುಗಟ್ಟಿ ನಿಂತರೆ ಅದಕ್ಕೆ ಗ್ರಂಥಋಣವೆಂಬ ಹೆಸರು ಸಲ್ಲದು. ಪಡೆಯದ ಸಾಲಕ್ಕೆ ಯಾರೂ ಪತ್ರ ಬರೆದುಕೊಡುವುದಿಲ್ಲ. ವೃತ್ತಿಯಿಂದ ಗ್ರಂಥಪಾಲಕರಾಗಿದ್ದು, ಮುಂದೆ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗದಲ್ಲಿ ಪ್ರಾಧ್ಯಾಪಕರಾಗಿದ್ದ ಶ್ರೀನಿವಾಸ ಹಾವನೂರರು ಇಲ್ಲಿ ನೆನಪಾಗುತ್ತಾರೆ. ಹತ್ತೊಂಬತ್ತನೆಯ ಶತಮಾನದ ಕನ್ನಡವನ್ನು ಕುರಿತ ಅವರ 'ಹೊಸಗನ್ನಡದ ಅರುಣೋದಯ' (೧೯೭೪) ಇಂದಿಗೂ ನಿಂತಿರುವುದು ಅದರ ಪ್ರಮೇಯಗಳ ಬಲದಿಂದ ಮಾತ್ರವಲ್ಲ. ಅಲ್ಲಿಯ ಪ್ರಮೇಯವನ್ನು ಒಪ್ಪದವನಿಗೂ ಅಲ್ಲಿ ಹೆಸರಿಸಿದ ಪುಸ್ತಕ, ಪತ್ರಿಕೆಗಳತ್ತ ಹೋಗಲು ದಾರಿಯುಂಟು.

ವಿಶ್ವವಿದ್ಯಾಲಯ ಅನುದಾನ ಆಯೋಗದ ೨೦೧೮ರ ನಿಯಮಾವಳಿ ಬಂದ ಮೇಲೆ ಉಲ್ಲೇಖವೆಂದರೆ ಕೃತಿಚೌರ್ಯದ ಆರೋಪದಿಂದ ತಪ್ಪಿಸಿಕೊಳ್ಳುವ ರಕ್ಷೆ ಎಂಬ ಭಾವನೆ ವಿದ್ಯಾರ್ಥಿಗಳಲ್ಲಿ ಹರಡಿದೆ. ಶೇಕಡ ಹತ್ತರ ಮಿತಿಗೆ ಹೆದರಿ ಪದ್ಯಗಳನ್ನೇ ಬಿಟ್ಟುಬಿಡುವವರೂ ಇದ್ದಾರೆ. ಆಕರವನ್ನು ಸೂಚಿಸಿ ಉದ್ಧರಿಸಿದ ಭಾಗವನ್ನು ಆ ನಿಯಮಾವಳಿಯೇ ಹೋಲಿಕೆಯ ಲೆಕ್ಕದಿಂದ ಹೊರಗಿರಿಸಿದೆ. ಈ ಭಯ ನಿರಾಧಾರ.

ಬೆರಳಚ್ಚಿನ ಬಗ್ಗೆ ಒಂದೆರಡು ಮಾತು. ಯೂನಿಕೋಡ್ ಪೂರ್ವದ ನುಡಿ, ಬರಹ ಅಕ್ಷರಶೈಲಿಗಳಲ್ಲಿ ಸಿದ್ಧವಾದ ಹಳೆಯ ಕಡತಗಳನ್ನು ಪರಿವರ್ತಿಸುವಾಗ ನಡುವೆ ಇರುವ ಇಂಗ್ಲಿಷ್ ಗ್ರಂಥನಾಮಗಳೂ ಕನ್ನಡಾಕ್ಷರಗಳ ಅರ್ಥಹೀನ ರಾಶಿಯಾಗಿ ಮಾರ್ಪಡುವುದುಂಟು. ಟಿಪ್ಪಣಿಗಳನ್ನು ಪ್ರತ್ಯೇಕವಾಗಿ ಪರಿವರ್ತಿಸಿ, ಅಂಕಿಗಳನ್ನು ಒಂದೊಂದಾಗಿ ಮೂಲದೊಡನೆ ಹೋಲಿಸಬೇಕು. ಅಂತರಜಾಲದಲ್ಲಿ ದೊರೆಯುವ ಹಳೆಯ ಪುಸ್ತಕಗಳ ಛಾಯಾಪ್ರತಿಗಳಲ್ಲಿ ಪರದೆಯ ಪುಟಸಂಖ್ಯೆ ಬೇರೆ, ಅಚ್ಚಾದ ಪುಟಸಂಖ್ಯೆ ಬೇರೆ. ಅಚ್ಚಾದದ್ದನ್ನೇ ಕೊಡತಕ್ಕದ್ದು. ಅಲ್ಲಿಯ ಶೀರ್ಷಿಕೆಗಳು ಎಷ್ಟೋ ವೇಳೆ ವಿರೂಪಗೊಂಡಿರುವುದರಿಂದ ಪುಸ್ತಕದ ಒಳಪುಟವನ್ನೇ ನೋಡಿ ಹೆಸರನ್ನು ಬರೆದುಕೊಳ್ಳಬೇಕು.

ಕೊನೆಯದಾಗಿ ಮುಂಬಯಿಯ ಕನ್ನಡ ನಿಯತಕಾಲಿಕೆಗಳ ವಿಷಯ. 'ಮೊಗವೀರ', 'ಅಕ್ಷಯ', 'ಗೋಕುಲವಾಣಿ', ಮೈಸೂರು ಅಸೋಸಿಯೇಷನ್ನಿನ 'ನೇಸರು' ಮೊದಲಾದುವು ಸಮುದಾಯಗಳ ಮತ್ತು ಸಂಘಗಳ ಪತ್ರಿಕೆಗಳು. ಮುಂಬಯಿ ಕನ್ನಡಿಗರ ಸಾಮಾಜಿಕ ಚರಿತ್ರೆಗೂ, ಇಲ್ಲಿಯ ಕಥೆ ಕವಿತೆಗಳ ಮೊದಲ ರೂಪಕ್ಕೂ ಇಂಥ ಪತ್ರಿಕೆಗಳು ಆಕರ. ಕಥೆಯೊಂದು ಪತ್ರಿಕೆಯಲ್ಲಿ ಬಂದ ರೂಪಕ್ಕೂ ಸಂಕಲನದಲ್ಲಿ ಸೇರಿದ ರೂಪಕ್ಕೂ ವ್ಯತ್ಯಾಸವಿರಬಹುದಾದುದರಿಂದ ಎರಡನ್ನೂ ಹೆಸರಿಸಬೇಕು. ಇಂಥ ಪತ್ರಿಕೆಗಳ ಪೂರ್ಣ ಸಂಗ್ರಹ ಒಂದೆಡೆ ಸಿಕ್ಕುವುದು ಕಷ್ಟ. ಇದ್ದ ಸಂಪುಟಗಳಲ್ಲಿಯೂ ರಟ್ಟು ಹಾಕಿಸುವಾಗ ಮುಖಪುಟ ತೆಗೆದುಹೋಗಿ ಸಂಚಿಕೆಯ ಸಂಖ್ಯೆ ನಷ್ಟವಾಗಿರುತ್ತದೆ. ಹಾಗಾದಾಗ ತಿಂಗಳು ಮತ್ತು ವರ್ಷವನ್ನು ಒಳಗಿನ ಸುದ್ದಿಗಳಿಂದ ನಿರ್ಣಯಿಸಿದ್ದರೆ ಅದನ್ನು ಚೌಕ ಕಂಸದಲ್ಲಿಟ್ಟು, ಯಾವ ಆಧಾರದಿಂದ ಎಂಬುದನ್ನು ಟಿಪ್ಪಣಿಯಲ್ಲಿ ಹೇಳಬೇಕು. ದೀಪಾವಳಿ ವಿಶೇಷಾಂಕಗಳಿಗೆ ಕ್ರಮಸಂಖ್ಯೆ ಇರುವುದು ಕಡಮೆಯಾದುದರಿಂದ ವಿಶೇಷಾಂಕವೆಂದೇ ನಮೂದಿಸಬೇಕು. ಪುಟಸಂಖ್ಯೆ ಹರಿದುಹೋಗಿದ್ದರೆ 'ಪುಟಸಂಖ್ಯೆ ಇಲ್ಲ' ಎಂದು ಬರೆಯಬೇಕೇ ಹೊರತು ಊಹಿಸಿ ಬರೆಯಬಾರದು. ಆ ಸಂಪುಟ ಮಾಟುಂಗದ ಯಾವ ಸಂಘದ ಕಪಾಟಿನಲ್ಲಿ, ಕಲೀನಾದ ಯಾವ ಗ್ರಂಥಾಲಯದಲ್ಲಿ, ಯಾರ ಖಾಸಗಿ ಸಂಗ್ರಹದಲ್ಲಿ ಇದೆ, ಸಂಶೋಧಕನು ಅದನ್ನು ಯಾವ ವರ್ಷ ನೋಡಿದ ಎಂಬುದನ್ನೂ ಸಂಗ್ರಹದ ಒಡೆಯರ ಒಪ್ಪಿಗೆ ಪಡೆದು ಅಲ್ಲಿಯೇ ಸೇರಿಸುವುದು ಒಳ್ಳೆಯದು. ಇಂಥ ಎಷ್ಟೋ ಸಂಪುಟಗಳಿಗೆ ಎರಡನೆಯ ಪ್ರತಿ ಇರಲಾರದು.